ಎಡಗೆನ್ನೆಯ ನೆರಳು

ಈ ಕೆಲಸಕ್ಕೆ ಬರಬೇಕೆಂದಿರುವವರು ಮೊದಲು ತಿಳಿಯಬೇಕಾದದ್ದು ಉಗುಳಿನ ವಿಷಯ.

ಹಳೆಯ ಚಿತ್ರಗಳನ್ನು ಶುಚಿ ಮಾಡಿ ಉಳಿಸುವ ಕೆಲಸ ಎಂದರೆ ಜನ ಬಿಳಿ ಕೋಟು, ಮೈಕ್ರೋಸ್ಕೋಪು, ಗಾಜಿನ ಬಾಟಲಿಗಳನ್ನು ಕಲ್ಪಿಸಿಕೊಳ್ಳುತ್ತಾರೆ. ಅವೆಲ್ಲ ಇವೆ. ಆದರೆ ತೈಲಚಿತ್ರದ ಮೇಲೆ ಕೂತ ಮಸಿ, ಧೂಳು, ಅಡುಗೆಮನೆಯ ಜಿಡ್ಡನ್ನು ತೆಗೆಯಲು ದೊಡ್ಡ ದೊಡ್ಡ ಮ್ಯೂಸಿಯಮ್ಮುಗಳಲ್ಲೂ ಇಂದಿಗೂ ಬಳಸುವುದು ಬಾಯಿಯ ಉಗುಳನ್ನೇ. ಕಡ್ಡಿಯ ತುದಿಗೆ ಹತ್ತಿ ಸುತ್ತಿ, ನಾಲಿಗೆಯ ಮೇಲೆ ಒದ್ದೆ ಮಾಡಿಕೊಂಡು, ಚಿತ್ರದ ಮೇಲೆ ಮೆಲ್ಲಗೆ ಉರುಳಿಸಬೇಕು. ಉಜ್ಜಬಾರದು. ಹತ್ತಿ ಕೊಳೆಯಾಯಿತೋ, ಎಸೆದು ಹೊಸದು. ಉಗುಳು ಮೈಯಷ್ಟೇ ಬೆಚ್ಚಗಿರುತ್ತದೆ, ಜಿಡ್ಡನ್ನು ಕರಗಿಸುವ ಗುಣವೂ ಅದಕ್ಕಿದೆ, ಗಟ್ಟಿಯಾದ ಬಣ್ಣಕ್ಕೆ ಏನೂ ಮಾಡುವುದಿಲ್ಲ. ಬಾಟಲಿಯ ಎಲ್ಲ ದ್ರಾವಕಗಳಿಗಿಂತ ಸಾಧು.

ನಾನು ಹುಟ್ಟಿದ್ದು ಕುಂದಾಪುರದ ಕಡೆಯ ಒಂದು ಮನೆಯಲ್ಲಿ. ಅಲ್ಲಿ ಪುಸ್ತಕದ ಹಾಳೆ ತಿರುಗಿಸಲು ಬೆರಳನ್ನು ನಾಲಿಗೆಗೆ ತಾಗಿಸಿದರೆ ಅಜ್ಜಿ ಕೈಮೇಲೆ ಹೊಡೆಯುತ್ತಿದ್ದರು. ಸರಸ್ವತಿಗೆ ಎಂಜಲು ಮಾಡಿದ ಹಾಗಾಗುತ್ತದಂತೆ. ಚೊಂಬಿನ ನೀರನ್ನು ಎತ್ತಿಯೇ ಕುಡಿಯಬೇಕು, ತುಟಿಗೆ ತಾಗಿಸಬಾರದು. ಅಂಥ ಮನೆಯಿಂದ ಬಂದವನು ಸ್ವೀಡನ್ನಿನಲ್ಲಿ ಸತ್ತುಹೋದ ಪಾದ್ರಿಗಳ, ಸೇನಾಧಿಕಾರಿಗಳ, ಅವರ ಹೆಂಡಿರ ಮುಖಗಳಿಗೆ ಎಂಜಲು ಹಚ್ಚಿ ಹೊಟ್ಟೆ ಹೊರೆದುಕೊಂಡೆ. ಮೊದಲ ವರ್ಷ ಪ್ರತಿ ಮುಖದ ಮುಂದೆಯೂ ಒಳಗೊಳಗೇ ಕ್ಷಮೆ ಕೇಳುತ್ತಿದ್ದೆ. ಊರಿನಿಂದ ಅಮ್ಮ ಫೋನಿನಲ್ಲಿ, ಯಾವ ಮದ್ದಿನಿಂದ ಒರೆಸುತ್ತೀಯ ಎಂದು ಕೇಳಿದಾಗಲೆಲ್ಲ ‘ಒಂದು ನಮೂನೆಯ ದ್ರವ’ ಎಂದು ಹೇಳಿ ಮಾತು ಮರೆಸುತ್ತಿದ್ದೆ. ಅಪ್ಪನಿಗೆ ಮಾತ್ರ ನಿಜ ಹೇಳಿದ್ದೆ. ಅವರಿಗೆ ದಿನವಿಡೀ ಎಲೆಯಡಿಕೆ. ‘ನಾ ಬಂದು ಮಾಡಿದ್ರೆ ನಿಮ್ಮ ಪಾದ್ರಿಗಳ ಮುಖಕ್ಕೆಲ್ಲ ಚೂರು ಕಳೆ ಬರ್ತಿತ್ತು ಮಾರಾಯ’ ಎಂದರು.

ಈಗ ಇದನ್ನೆಲ್ಲ ಬರೆಯಲು ಕಾರಣ, ನಮ್ಮ ಕನ್ನಡ ಕೂಟದ ಯುಗಾದಿ ಊಟದಲ್ಲಿ ಸಿಕ್ಕ ಒಬ್ಬ ಹುಡುಗಿ. ಇಲ್ಲಿನ ಉತ್ತರದ ಊರು ಉಮೆಯೊದಲ್ಲಿ ರಸಾಯನಶಾಸ್ತ್ರ ಓದುತ್ತಿರುವವಳು ಮುಂದೆ ಇದೇ ಕೆಲಸಕ್ಕೆ ಬರುತ್ತಾಳಂತೆ. ‘ಅಂಕಲ್, ಯೂನಿವರ್ಸಿಟಿಯವರು ಹೇಳೋದು ಬೇಡ, ನಿಜವಾಗ್ಲೂ ಹೇಗಿರತ್ತೆ ಅಂತ ಬರ್ದು ಕೊಡಿ’ ಎಂದಳು. ಐವತ್ತೆರಡಕ್ಕೇ ನಿವೃತ್ತನಾಗಿ ಮನೆಯಲ್ಲಿ ಕೂತವನಿಗೆ ಇಂಥ ಮಾತು ಹೇಳಬಾರದು. ಬರೆದೇ ಬಿಡುತ್ತಾನೆ.

ನಾನು ಈ ದೇಶಕ್ಕೆ ಬಂದದ್ದು ಹೆಂಡತಿಯ ಹಿಂದೆ. ಸುಮನಾಳಿಗೆ ಮೋಲ್ನ್‌ಡಾಲ್‌ನಲ್ಲಿ ಔಷಧ ಸಂಶೋಧನೆಯ ಕೆಲಸ ಸಿಕ್ಕಿತು. ನಾನು ಊರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಪಾಠ ಬಿಟ್ಟು ಬಂದೆ. ಮಗಳನ್ನು ದಾಗಿಸ್‌ಗೆ ಬಿಟ್ಟು ಬರುವುದು, ಕರೆತರುವುದು, ಮಧ್ಯದಲ್ಲಿ ಸ್ವೀಡಿಷ್ ತರಗತಿ. ಆ ಶಿಶುವಿಹಾರದ ಪಕ್ಕದ ಹಳೆಯ ಕಟ್ಟಡದಲ್ಲಿ ಲೆನ್ನಾರ್ಟ್ ಎಂಬಾತನ ಚಿತ್ರ ದುರಸ್ತಿಯ ಕಾರ್ಯಾಗಾರ ಇತ್ತು. ಕಿಟಕಿಯಿಂದ ಇಣುಕುತ್ತಿದ್ದ ನನ್ನನ್ನು ಕಳ್ಳನೆಂದುಕೊಂಡು ಆತ ಹೊರಬಂದ. ದ್ರಾವಕಗಳ ಬಗ್ಗೆ ನಾನು ಒಂದು ಪ್ರಶ್ನೆ ಕೇಳಿದೆ. ಆತ ಕಾಫಿ ಕೊಟ್ಟ. ಮುಂದೆ ಅದಕ್ಕೆ ಬೇಕಾದ ಓದನ್ನೂ ಓದಿದೆ, ಅಲ್ಲಿಯೇ ಸೇರಿದೆ, ಅಲ್ಲಿಂದಲೇ ಹೊರಬಿದ್ದೆ.

ಲೆನ್ನಾರ್ಟ್ ಒಳ್ಳೆಯ ಕೈ ಇದ್ದವನು, ಆದರೆ ತಾಳ್ಮೆ ಕಡಿಮೆ. ಮೇಲ್ತುಟಿಯ ಒಳಗೆ ಸದಾ ಸ್ನೂಸ್ ಎಂಬ ತಂಬಾಕಿನ ಪುಟ್ಟ ಚೀಲ. ಒಮ್ಮೆ ಒಬ್ಬ ಹಡಗಿನ ಕಪ್ತಾನನ ಹಣೆಯನ್ನು ಇಡೀ ಬೆಳಗ್ಗೆ ಒರೆಸಿದ. ಹತ್ತಿ ಪ್ರತಿ ಸಲವೂ ಕಂದಾಗಿ ಬರುತ್ತಿತ್ತು. ಎಷ್ಟು ಒರೆಸಿದರೂ ಕೊಳೆ ಮುಗಿಯದು. ನೋಡು, ಈ ಮನುಷ್ಯ ಪೈಪು ಸೇದುತ್ತಲೇ ಬದುಕಿರಬೇಕು ಎಂದು ನನಗೆ ತೋರಿಸಿದ. ನಾನು ಹೊಸಬ. ಹೇಳಲೋ ಬೇಡವೋ ಎಂದು ಫೀಕಾ ಎಂದು ಇಲ್ಲಿನವರು ಕರೆಯುವ ಬಿಡುವಿನ ಕಾಫಿ ಮುಗಿಯುವವರೆಗೆ ಒದ್ದಾಡಿ, ಕೊನೆಗೆ ಬರಿಯ ಹತ್ತಿಯೊಂದನ್ನು ಅವನ ಮುಂದೆ ಚಾಚಿ, ಇದನ್ನು ಬಾಯಲ್ಲಿಟ್ಟು ಸುಮ್ಮನೆ ತೆಗೆ ಎಂದೆ. ತೆಗೆದ. ಅದೂ ಕಂದು. ಆತ ನಕ್ಕ, ಸ್ನೂಸನ್ನು ಉಗುಳಿದ, ಕಪ್ತಾನನ ಹಣೆಯನ್ನು ನನಗೆ ಒಪ್ಪಿಸಿದ. ಆ ದಿನದಿಂದ ಕಾರ್ಯಾಗಾರದ ಉಗುಳಿನ ಕೆಲಸವೆಲ್ಲ ನನ್ನದಾಯಿತು. ತಂಬಾಕಿಲ್ಲ, ಮದ್ಯವಿಲ್ಲ, ಮಾಂಸವಿಲ್ಲ. ಬ್ರಾಹ್ಮಣನ ಬಾಯಿಗೆ ಇಂಥ ಉಪಯೋಗವಿದೆಯೆಂದು ನಮ್ಮ ಹಿರಿಯರಿಗೆ ತಿಳಿದಿರಲಿಲ್ಲ.

ಹತ್ತಿಯ ಬಣ್ಣ ನೋಡುವುದೇ ಈ ಕೆಲಸದ ಅರ್ಧ ಪಾಠ. ಬೂದು ಬಂದರೆ ಮಸಿ, ಧೂಳು. ತೆಗೆಯಬಹುದು. ಹಳದಿ ಬಂದರೆ ಹಳೆಯ ವಾರ್ನಿಶ್. ಯೋಚಿಸಿ ತೆಗೆಯಬೇಕು. ಬೇರೆ ಯಾವ ಬಣ್ಣ ಬಂದರೂ ಕೈ ನಿಲ್ಲಬೇಕು, ಏಕೆಂದರೆ ಅದು ಚಿತ್ರಕಾರನದ್ದಾಗಿರಬಹುದು. ನಾನು ಸೇರಿದ ಮೇಲೆ ವಿಧಾನಗಳು ಎಷ್ಟೋ ಬದಲಾದವು. ಮೂಗು ಉರಿಸುವ ದ್ರಾವಕಗಳು ಹೋಗಿ ಲೋಳೆಯಂಥ ಜೆಲ್‌ಗಳು ಬಂದವು. ನೇರಳೆ ದೀಪದ ಕೆಳಗೆ ಹಳೆಯ ವಾರ್ನಿಶ್ ಹಸಿರಾಗಿ ಹೊಳೆಯುವುದನ್ನು ಕಂಪ್ಯೂಟರಿನಲ್ಲೇ ನೋಡುವಂತಾಯಿತು. ಉಗುಳನ್ನು ಕೂಡ ಕಾರ್ಖಾನೆಯಲ್ಲಿ ಮಾಡಿ ಬಾಟಲಿಯಲ್ಲಿ ಮಾರತೊಡಗಿದರು. ಹತ್ತಿಯ ಬಣ್ಣದ ಪಾಠ ಮಾತ್ರ ಬದಲಾಗಲಿಲ್ಲ.

ಬಾಟಲಿಯ ಉಗುಳು ನನಗೇ ಬೇಕಾಗುತ್ತದೆ ಎಂದುಕೊಂಡಿರಲಿಲ್ಲ.

ನಾನು ಮೊದಲಿನಿಂದಲೂ ಆತಂಕದ ಮನುಷ್ಯ. ಕೆಲಸ ಮುಗಿಸಿ ಹೊರಟು, ದೀಪ ಆರಿಸಿದೆನೇ ಎಂದು ಟ್ರ್ಯಾಮಿನಿಂದ ಇಳಿದು ವಾಪಸು ಬರುವವನು. ಆದ್ದರಿಂದ ಬಾಯಿ ಒಣಗತೊಡಗಿದಾಗ ಯಾರೂ ಅದನ್ನು ಕಾಯಿಲೆ ಎಂದುಕೊಳ್ಳಲಿಲ್ಲ. ‘ನೀವು ಹೆದರ್ಕೊಳ್ಳೋದು ನಿಲ್ಸಿ, ತಾನಾಗೇ ಒದ್ದೆ ಆಗತ್ತೆ’ ಎಂದಳು ಸುಮನಾ. ಔಷಧದ ಸಂಶೋಧಕಿಯ ಮಾತು, ನಂಬಿದೆ. ಆಮೇಲೆ ಕಣ್ಣೂ ಒಣಗಿತು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ರೆಪ್ಪೆಯೊಳಗೆ ಮರಳು ಸುರಿದಂತಾಗುತ್ತಿತ್ತು. ಆಸ್ಪತ್ರೆಯಲ್ಲಿ ತುಟಿಯ ಒಳಗಿನಿಂದ ಚೂರು ತೆಗೆದು ನೋಡಿ, ದೇಹವೇ ತನ್ನ ಗ್ರಂಥಿಗಳನ್ನು ತಿನ್ನುತ್ತಿದೆ, ವಾಸಿಯಾಗುವಂಥದ್ದಲ್ಲ ಎಂದರು. ಕವಿಗಳಿಗೆ ಮಾತು ಬತ್ತುತ್ತದಂತೆ, ಗಾಯಕರಿಗೆ ಕಂಠ. ನನಗೆ ಉಗುಳು ಬತ್ತಿತು. ಇದನ್ನು ಯಾರ ಮುಂದೆ ಗಾಂಭೀರ್ಯದಿಂದ ಹೇಳಿಕೊಳ್ಳುವುದು?

ಆ ಸ್ಥಿತಿಯಲ್ಲಿದ್ದಾಗ ಬಂದ ಕೆಲಸವನ್ನೇ ಹೇಳಬೇಕೆಂದು ಇಷ್ಟು ದೂರ ಬಂದೆ.

ಗುನ್ವೋರ್ ಎಂಬವರು ತೊಂಬತ್ತು ದಾಟಿದ ಮುದುಕಿ. ಪರದೆ ಹೊಲಿಯುವ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು, ಮದುವೆಯಾಗಲಿಲ್ಲ. ಒಂದು ಚಿತ್ರವನ್ನು ಹಳೆಯ ಹೊದಿಕೆಯಲ್ಲಿ ಸುತ್ತಿಸಿ, ಅಣ್ಣನ ಮಗ ಸ್ಟೆಫಾನನ ಕೈಯಲ್ಲಿ ಹಿಡಿಸಿಕೊಂಡು ತಾವೂ ಬಂದರು. ಅದು ಅವರ ತಾಯಿ ಎಲಿನ್‌ಳ ಚಿತ್ರ. ಮೊದಲ ಮಹಾಯುದ್ಧಕ್ಕೆ ಮುಂಚೆ ಎಲಿನ್ ಹತ್ತೊಂಬತ್ತರ ಹುಡುಗಿಯಾಗಿ ನ್ಯೂಯಾರ್ಕಿಗೆ ಹೋಗಿ, ಬಾಡಿಗೆ ಕೋಣೆಗಳ ಒಂದು ಮನೆಯಲ್ಲಿ ಕೆಲಸಕ್ಕಿದ್ದಳಂತೆ. ಅಲ್ಲಿ ಇಳಿದುಕೊಂಡಿದ್ದ ಒಬ್ಬ ಚಿತ್ರಕಾರ ಅವಳನ್ನು ನಿಲ್ಲಿಸಿ ಬಿಡಿಸಿ, ಅವಳು ಊರಿಗೆ ಹೊರಟಾಗ ಕೊಟ್ಟುಬಿಟ್ಟ. ಆತನದು ದೊಡ್ಡ ಹೆಸರೇನಲ್ಲ. ಆದರೆ ಆ ವರ್ಷಗಳಲ್ಲಿ ಅಮೆರಿಕದಲ್ಲಿ ಕೆಲವರು ಶ್ರೀಮಂತರ ದಿವಾನಖಾನೆ ಬಿಟ್ಟು ಬಟ್ಟೆ ಒಗೆಯುವವರನ್ನು, ಪತ್ರಿಕೆ ಮಾರುವ ಮಕ್ಕಳನ್ನು, ಬೀದಿಯ ಮುಖಗಳನ್ನು ಕಂಡದ್ದು ಕಂಡಂತೆ ಬಿಡಿಸತೊಡಗಿದ್ದರು. ಈತನೂ ಆ ಜಾತಿಯವನೇ. ಕಪ್ಪು, ಕಂದು, ದಪ್ಪ ಕುಂಚ, ಅವಸರ. ಒಂದೇ ಕೂರಿಕೆಯಲ್ಲಿ ಮುಗಿಸಿದಂತಿತ್ತು.

ಅಡುಗೆಮನೆಯ ಸೌದೆ ಒಲೆಯ ಮೇಲೆ ದಶಕಗಟ್ಟಲೆ ತೂಗಿದ್ದ ಚಿತ್ರ. ಮಸಿಯ ಹಿಂದೆ ಎರಡು ಕಣ್ಣು, ಒಂದು ಕಾಲರು, ಅಷ್ಟೇ ಕಾಣುತ್ತಿದ್ದದ್ದು.

ಗುನ್ವೋರ್ ಚಿತ್ರವನ್ನು ನೇರ ನೋಡಲಿಲ್ಲ. ಕತ್ತು ವಾಲಿಸಿ, ಹಕ್ಕಿಯಂತೆ ಓರೆಯಿಂದ ನೋಡಿದರು. ಅವರ ಕಣ್ಣಿನ ನಡುಭಾಗ ಸಾಯುತ್ತಿತ್ತು. ಅಂಚು ಕಾಣುತ್ತದೆ, ನೋಡಬೇಕೆಂದು ತಿರುಗಿದ್ದೇ ಮಸುಕಾಗುತ್ತದೆ. ಇನ್ನೊಬ್ಬರ ಮುಖ ಕಾಣುವಷ್ಟು ನೋಟ ಚಳಿಗಾಲದವರೆಗೆ ಉಳಿದರೆ ಹೆಚ್ಚು ಎಂದು ವೈದ್ಯರು ಹೇಳಿದ್ದರಂತೆ.

‘ಅಮ್ಮ ನನ್ನನ್ನು ಹಡೆದಾಗಲೇ ಅವಳಿಗೆ ವಯಸ್ಸಾಗಿತ್ತು,’ ಎಂದರು. ‘ಹುಡುಗಿಯಾಗಿದ್ದ ಅಮ್ಮನನ್ನು ನಾನು ನೋಡಿಯೇ ಇಲ್ಲ. ಒಂದು ಸಲ ನೋಡಬೇಕು. ಬೆಳ್ಳಗೆ ಮಾಡಿಕೊಡು.’

ಈ ದೇಶದಲ್ಲಿ ತೊಂಬತ್ತರವರನ್ನೂ ಹೆಸರು ಹಿಡಿದು ಏಕವಚನದಲ್ಲೇ ಕರೆಯಬೇಕು. ಬಾಯಲ್ಲಿ ಕರೆಯುತ್ತಿದ್ದೆ, ಬರೆಯುವಾಗ ಕೈ ಬರುವುದಿಲ್ಲ. ಇಲ್ಲಿ ನಾನಾಡಿದ್ದನ್ನೆಲ್ಲ ಬಹುವಚನದಲ್ಲೇ ಹಾಕುತ್ತೇನೆ.

ಕೆಲಸ ಮೂಲೆಯಿಂದ ಶುರು ಮಾಡಿದೆ. ಮುಖ ಯಾವತ್ತೂ ಕೊನೆಗೆ. ಬಾಟಲಿಯ ಉಗುಳಿನಲ್ಲಿ ಹಿನ್ನೆಲೆ, ಕಾಲರು, ಕೊರಳು ಒಂದೊಂದಾಗಿ ಮಸಿಯಿಂದ ಹೊರಬಂದವು. ಹತ್ತಿ ಬೂದು, ಬೂದು, ಬೂದು. ಬಲಗೆನ್ನೆಯಲ್ಲಿ ರಕ್ತವಾಡುವ ಹುಡುಗಿಯೇ ಇದ್ದಳು. ಎಡಗೆನ್ನೆಗೆ ಬಂದಾಗ ಹತ್ತಿ ಒಂದೆರಡು ಸಲ ಬೂದು ಬಂದು, ಆಮೇಲೆ ಬೆಳ್ಳಗೇ ಬಂತು. ಕೆನ್ನೆ ಮಾತ್ರ ಕಪ್ಪುಗಂದಾಗಿಯೇ ಉಳಿಯಿತು. ಕಣ್ಣಿನ ಕೆಳಗಿನಿಂದ ದವಡೆಯವರೆಗೆ, ಅರ್ಧ ಮುಖವನ್ನು ನುಂಗಿ.

ಲೆನ್ನಾರ್ಟ್ ಬಂದು ನೋಡಿ, ಇದು ಯಾರೋ ವ್ಯಾಪಾರಿ ಹಳೆಯ ಕಾಲದ ಕಳೆ ಬರಲೆಂದು ಆಮೇಲೆ ಬಳಿದ ಬಣ್ಣದ ವಾರ್ನಿಶ್ ಎಂದ. ನಾನು ಮೈಕ್ರೋಸ್ಕೋಪು ತರುವಷ್ಟರಲ್ಲಿ ದವಡೆಯ ಅಂಚಿನಲ್ಲಿ ದ್ರಾವಕ ಹಾಕಿ ಪರೀಕ್ಷಿಸಿಯೂ ಆಗಿತ್ತು. ಉಗುರಿನಷ್ಟು ಜಾಗ. ಅಡಿಯಲ್ಲಿ ತಿಳಿಗುಲಾಬಿ ಚರ್ಮ ಬೆಳಗಿತು. ‘ನೋಡು, ಇಡೀ ಹುಡುಗಿ ಕೆಳಗಿದ್ದಾಳೆ’ ಎಂದ. ಅವನ ಹತ್ತಿ ಬೂದಾಗಿರಲಿಲ್ಲ, ಹಳದಿಯೂ ಅಲ್ಲ. ಕಡು ಕಂದು. ಆ ಹೊತ್ತಿಗೆ ಅವನ ಬಾಯಲ್ಲಿ ಸ್ನೂಸೂ ಇರಲಿಲ್ಲ.

ಉರಿಯುವ ಕಣ್ಣಿಗೆ ಹನಿ ಹಾಕಿಕೊಂಡು ಹಾಕಿಕೊಂಡು ಆ ಕೆನ್ನೆಯನ್ನು ನೋಡಿದೆ. ನೇರಳೆ ದೀಪದಲ್ಲಿ ಅದು ಹಸಿರಾಗಿ ಹೊಳೆಯಲಿಲ್ಲ. ಕಂದು ಬಣ್ಣದ ಕುಂಚದ ಗೆರೆ ಕೆನ್ನೆಯ ಗುಲಾಬಿಯೊಳಕ್ಕೆ ಎಳೆದುಕೊಂಡು ಹೋಗಿ ಅದರಲ್ಲಿ ಬೆರೆತಿತ್ತು. ಎರಡೂ ಹಸಿಯಿದ್ದಾಗ ಮಾತ್ರ ಹಾಗೆ ಬೆರೆಯುತ್ತವೆ. ಅಂದರೆ ಅದೇ ದಿನ, ಅದೇ ಕೈ. ಬೇಗ ಒಣಗಲೆಂದು ಆತ ಬಣ್ಣದಲ್ಲೇ ವಾರ್ನಿಶ್ ಬೆರೆಸಿಕೊಂಡಿರಬೇಕು. ದ್ರಾವಕಕ್ಕೆ ಅದು ಸುಲಭವಾಗಿ ಕರಗಿದ್ದು ಅದಕ್ಕೇ. ಕೊಳೆಯಲ್ಲ, ನೆರಳು. ಆತ ಕಂಡ ನೆರಳು.

ಲೆನ್ನಾರ್ಟ್ ಎಲ್ಲವನ್ನೂ ನೋಡಿ ಹೆಗಲು ಕುಣಿಸಿದ. ಇರಬಹುದು ಎಂದ. ಆದರೆ ಚಿತ್ರ ಅವರದ್ದು, ಕಣ್ಣು ಅವರದ್ದು, ಯಾವ ಮ್ಯೂಸಿಯಮ್ಮೂ ಈ ಚಿತ್ರವನ್ನು ಕೇಳುತ್ತಿಲ್ಲ, ಒಬ್ಬ ಮುದುಕಿಗೆ ತಾಯಿಯ ಮುಖ ತೋರಿಸಲು ಇಷ್ಟು ಶಾಸ್ತ್ರವೇಕೆ ಎಂದ. ನೀವು ಈ ಕೆಲಸಕ್ಕೆ ಬಂದರೆ ನಿಮ್ಮನ್ನೂ ಯಾರಾದರೂ ಇದನ್ನೇ ಕೇಳುತ್ತಾರೆ. ರಾತ್ರಿ ಊಟಕ್ಕೆ ಕೂತಾಗ ಸುಮನಾಳಿಗೆ ಹೇಳಿದೆ. ಅವಳು ತಟ್ಟೆಯಿಂದ ತಲೆ ಎತ್ತದೆ, ‘ಅವ್ರನ್ನೇ ಕೇಳಿ. ನಿಮ್ಮಿಬ್ಬರಲ್ಲಿ ಯಾರ ಅಮ್ಮನೂ ಅಲ್ವಲ್ಲ ಅದು’ ಎಂದಳು.

ಗುನ್ವೋರ್ ಅವರನ್ನು ಕರೆಸಿದೆ. ಅಂಗವಿಕಲರಿಗೆ ಇಲ್ಲಿನ ನಗರಸಭೆ ಕೊಡುವ ಟ್ಯಾಕ್ಸಿಯಲ್ಲಿ ಒಬ್ಬರೇ ಬಂದರು. ಲೆನ್ನಾರ್ಟ್ ಆ ದಿನ ಹೊರಗಿದ್ದ. ಚಿತ್ರದ ಮುಂದೆ ಕೂರಿಸಿ, ದೀಪವನ್ನು ಅತ್ತಿತ್ತ ಸರಿಸಿ, ಇದ್ದ ಬೆಳಕನ್ನೆಲ್ಲ ಆ ಕೆನ್ನೆಗೆ ಸುರಿದೆ. ಅವರು ಕತ್ತನ್ನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲಿಸಿ ನೋಡಿದರು. ಬಲಗಡೆ ಏನೋ ಬೆಳ್ಳಗಿದೆ, ಎಡಗಡೆ ತೂತಿನಂತಿದೆ, ಎರಡೂ ಸೇರಿ ಮುಖವಾಗುತ್ತಿಲ್ಲ ಎಂದರು. ಆ ಕಪ್ಪು ಚಿತ್ರಕಾರನೇ ಹಾಕಿದ್ದು, ತೆಗೆದರೆ ನಿಮಗೆ ಕಂಡೀತು, ಆದರೆ ಆಗ ಕಾಣುವುದು ಆತ ಕಂಡ ಎಲಿನ್ ಆಗಿರುವುದಿಲ್ಲ, ಒಮ್ಮೆ ತೆಗೆದದ್ದನ್ನು ಮರಳಿ ಹಾಕಲೂ ಆಗದು ಎಂದು ನನ್ನ ಒಡಕು ಸ್ವೀಡಿಷ್‌ನಲ್ಲಿ ವಿವರಿಸಿದೆ. ಹೇಳುತ್ತ ಹೇಳುತ್ತ ನನಗೇ ನನ್ನ ಮಾತು ಅಧಿಕಪ್ರಸಂಗ ಅನ್ನಿಸಿತು.

ಅವರು ಚಿತ್ರದ ಕಡೆ ಕತ್ತು ವಾಲಿಸಿಕೊಂಡೇ, ಇಷ್ಟು ದಿನ ಯಾವುದರಿಂದ ಒರೆಸಿದೆ ಎಂದು ಕೇಳಿದರು. ಅಮ್ಮನಿಗೆ ಹೇಳದಿದ್ದದ್ದನ್ನು ಅವರಿಗೆ ಹೇಳಿದೆ. ಉಗುಳು. ಮೊದಲೆಲ್ಲ ನನ್ನದು, ಈಗ ಬಾಟಲಿಯದು.

ಅವರು ಸದ್ದಿಲ್ಲದೆ, ಹೆಗಲು ಅಲುಗುವಷ್ಟು ನಕ್ಕರು. ಭಾನುವಾರ ಚರ್ಚಿಗೆ ಹೊರಡುವ ಮುನ್ನ ಅಮ್ಮ ಕರವಸ್ತ್ರದ ಮೂಲೆಗೆ ಉಗುಳಿ ತನ್ನ ಮುಖವನ್ನು ತಿಕ್ಕಿ ತಿಕ್ಕಿ ಒರೆಸುತ್ತಿದ್ದಳು, ತನಗೆ ಅದರಷ್ಟು ಅಸಹ್ಯ ಇನ್ನೊಂದಿರಲಿಲ್ಲ ಎಂದರು. ಆಮೇಲೆ ಕೈ ಚಾಚಿದರು.

‘ಕೊಡು ಇಲ್ಲಿ. ನಾನೂ ಒಂದು ಸಲ ಒರೆಸುತ್ತೇನೆ.’

ಹೊರಗಿನವರ ಕೈಗೆ ಕಡ್ಡಿ ಕೊಡಬಾರದು. ಇದು ನಿಯಮ, ನೀವೂ ಕೊಡಬೇಡಿ. ನಾನು ಕೊಟ್ಟೆ. ಆ ಕೋಣೆಯಲ್ಲಿ ಅಂದು ಕೆಲಸಕ್ಕೆ ಬರುವಷ್ಟು ಉಗುಳಿದ್ದದ್ದು ಅವರ ಬಾಯಲ್ಲಿ ಮಾತ್ರ. ಹತ್ತಿಯನ್ನು ನಾಲಿಗೆಯ ಮೇಲೆ ಒದ್ದೆ ಮಾಡಿಕೊಂಡರು. ಚಿತ್ರದ ಹಣೆಯಲ್ಲಿ ಒಂದು ಅಂಗುಲ ಇನ್ನೂ ಉಳಿದಿತ್ತು. ಅವರ ಮಣಿಕಟ್ಟನ್ನು ಹಿಡಿದು ಅಲ್ಲಿ ಇಟ್ಟೆ. ಜೀವನವೆಲ್ಲ ಸೂಜಿ ಹಿಡಿದ ಕೈ, ಉಜ್ಜಲಿಲ್ಲ, ಉರುಳಿಸಿತು. ಹತ್ತಿ ಬೂದಾಯಿತು. ಅದನ್ನು ಓರೆಗಣ್ಣಿನ ಬಳಿ ಹಿಡಿದು ನೋಡಿಕೊಂಡರು. ಹೊಸ ಹತ್ತಿ ಸುತ್ತಿ ಕೊಟ್ಟೆ. ಈ ಸಲ ನಾನು ಹಿಡಿಯುವ ಮುಂಚೆಯೇ ಕೈ ಕೆಳಗಿಳಿದು ಎಡಗೆನ್ನೆಗೆ ಹೋಯಿತು. ಕಣ್ಣಿನ ಕೆಳಗಿನಿಂದ ದವಡೆಯವರೆಗೆ ಒಮ್ಮೆ ಉರುಳಿಸಿ, ಹತ್ತಿಯನ್ನು ಎತ್ತಿದರು. ಬೆಳ್ಳಗಿತ್ತು.

‘ಬರುವುದಿಲ್ಲ ಇದು.’

‘ಇಲ್ಲ, ಬರುವುದಿಲ್ಲ’ ಎಂದೆ.

‘ನೀನು ನೋಡುತ್ತಿದ್ದೀಯಲ್ಲ. ಅವಳು ಸಂತೋಷವಾಗಿದ್ದಾಳೆಯೇ?’

ಹೌದು ಎಂದುಬಿಡಬಹುದಿತ್ತು. ಅವರಿಗೆ ತಿಳಿಯುತ್ತಿರಲಿಲ್ಲ. ತುಟಿ ಬಿಗಿದಿತ್ತು. ಬೆಳಕಿನ ಕಡೆಯ ಕಣ್ಣು ನಮ್ಮನ್ನಲ್ಲ, ಇನ್ನೂ ಮುಗಿಯದ ಯಾವುದೋ ಕೆಲಸವನ್ನು ನೋಡುತ್ತಿತ್ತು.

‘ಇಲ್ಲ. ದಣಿದಿದ್ದಾರೆ. ಬೇಗ ಮುಗಿಸಪ್ಪಾ ಎನ್ನುವಂತಿದ್ದಾರೆ.’

‘ಹಾಗಾದರೆ ಅವನು ಸರಿಯಾಗಿಯೇ ಬಿಡಿಸಿದ್ದಾನೆ,’ ಎಂದರು ಗುನ್ವೋರ್. ಕಡ್ಡಿಯನ್ನು ಕೆಳಗಿಟ್ಟು, ಕೋಟಿನ ಗುಂಡಿಗಳನ್ನು ಒಂದೊಂದಾಗಿ ತಡವಿ ಹಾಕಿಕೊಂಡರು. ‘ಇರಲಿ ಬಿಡು ಅದು.’

ಲೆನ್ನಾರ್ಟ್ ಬೆಳಗಿಸಿದ್ದ ಉಗುರಿನಷ್ಟು ಜಾಗವನ್ನು ನಾನು ಹೊಸ ಬಣ್ಣದಿಂದ ತುಂಬಿ ನೆರಳಿಗೆ ಸೇರಿಸಿದೆ. ಅದು ನಾನು ಸಂಬಳಕ್ಕೆ ಮಾಡಿದ ಕೊನೆಯ ಕೆಲಸ. ಚಿತ್ರ ಅವರ ಮನೆ ಸೇರುವ ಹೊತ್ತಿಗೆ ನವೆಂಬರಿನ ಕತ್ತಲೆ ಬಂದಾಗಿತ್ತು, ಅವರ ಕಣ್ಣಿನ ನಡುಭಾಗ ಪೂರ್ತಿ ಹೋಗಿತ್ತು. ಒಮ್ಮೆ ನೋಡಲು ಹೋದೆ. ಚಿತ್ರಕ್ಕೆ ಬೆನ್ನು ಹಾಕಿ ಕೂತು ರೇಡಿಯೊ ಕೇಳುತ್ತಿದ್ದರು. ಹುಡುಗಿಯಾಗಿದ್ದ ಅಮ್ಮನನ್ನು ಅವರು ನೋಡಲಿಲ್ಲ. ನಾನು ದ್ರಾವಕ ಹಾಕಿದ್ದರೆ ನೋಡುತ್ತಿದ್ದರು, ಹೆಚ್ಚೆಂದರೆ ಕೆಲವು ವಾರ. ಮಾಡಿದ್ದು ಸರಿ ಎಂದು ನನಗೆ ತಿಳಿದಿದೆ. ಆ ತಿಳಿವಳಿಕೆಯಿಂದ ಏನೂ ಹಗುರಾಗಿಲ್ಲ.

ಮರುವಸಂತದಲ್ಲಿ ಅವರು ತೀರಿಕೊಂಡರು. ಸ್ಟೆಫಾನ್ ಮನೆ ಖಾಲಿ ಮಾಡಿಸಿದ. ನಾನು ಬರೆದು ಕೊಟ್ಟಿದ್ದ ವರದಿ ಹಳೆಯ ಪತ್ರಿಕೆಗಳ ಜೊತೆ ಹೋಯಿತಂತೆ. ಕೆಲವು ತಿಂಗಳ ಹಿಂದೆ ಒಂದು ಹರಾಜು ಮನೆಯ ಪುಟದಲ್ಲಿ ಎಲಿನ್‌ಳನ್ನು ಕಂಡೆ. ಕೆಳಗೆ ಒಂದು ಸಾಲಿತ್ತು: ಮುಖದ ಎಡಭಾಗ ಕಪ್ಪಾಗಿದೆ, ಶುಚಿಗೊಳಿಸಿದರೆ ಬೆಳಗಬಹುದು. ಫೋನು ಮಾಡಿ ತಿಳಿಸಿದೆ. ಅವರು ವಿನಯದಿಂದ ಧನ್ಯವಾದ ಹೇಳಿದರು. ಸಾಲು ಹಾಗೆಯೇ ಉಳಿಯಿತು, ಚಿತ್ರ ಮಾರಾಟವಾಯಿತು. ಯಾರಿಗೆಂದು ಹೇಳಲು ನಿಯಮವಿಲ್ಲವಂತೆ.

ನಾವು ತುಂಬುವ ಬಣ್ಣ ಯಾವಾಗ ಬೇಕಾದರೂ ತೆಗೆಯುವಂತಿರಬೇಕು, ಚಿತ್ರಕಾರನದ್ದರೊಂದಿಗೆ ಎಂದೂ ಒಂದಾಗಬಾರದು. ಇದು ನಮ್ಮ ಕಸುಬಿನ ಮರ್ಯಾದೆ. ಹಾಗಾಗಿ ದವಡೆಯ ಅಂಚಿನ ನನ್ನ ಬಣ್ಣ ಬರಿಯ ನೀರಿಗೇ ಬಿಡುತ್ತದೆ. ಮುಂದೆ ಆ ಚಿತ್ರವನ್ನು ಮೇಜಿನ ಮೇಲಿಟ್ಟುಕೊಳ್ಳುವವರು, ಒಳ್ಳೆಯ ಪಾಠ ಕಲಿತವರು, ಅಂಚಿನಿಂದಲೇ ಶುರು ಮಾಡುತ್ತಾರೆ. ನನ್ನ ಬಣ್ಣ ಕಳಚಿ, ಅಡಿಯಲ್ಲಿ ಗುಲಾಬಿ ಚರ್ಮ ಬೆಳಗುತ್ತದೆ. ಓಹೋ, ಈ ಕಪ್ಪೆಲ್ಲ ಆಮೇಲೆ ಯಾರೋ ಬಳಿದದ್ದು ಎಂದು ಅವರಿಗೆ ಅನ್ನಿಸುತ್ತದೆ. ನಾನಾಗಿದ್ದರೂ ಅನ್ನಿಸುತ್ತಿತ್ತು.

ಆದ್ದರಿಂದ ಉಮೆಯೊದ ಹುಡುಗಿ, ಮತ್ತು ಇದನ್ನು ಓದುವ ಉಳಿದವರೇ, ಎಂದಾದರೂ ನಿಮ್ಮ ಮೇಜಿಗೆ ಒಬ್ಬ ಹುಡುಗಿ ಬರಬಹುದು. ಕಪ್ಪು ಹಿನ್ನೆಲೆ, ಬಿಳಿ ಕಾಲರು, ಬಿಗಿದ ತುಟಿ, ಅರ್ಧ ಮುಖ ಕತ್ತಲು. ದವಡೆಯಂಚಿನ ಉಗುರಿನಷ್ಟು ಜಾಗ ನನ್ನದು, ಅದು ಹೋದರೆ ಹೋಗಲಿ. ಅಲ್ಲಿಂದ ಕಣ್ಣಿನವರೆಗಿನ ನೆರಳು ಚಿತ್ರಕಾರನದು. ಕೈ ತೆಗೆಯಿರಿ.